ಶಾಲೆಯ ದಾಖಲೆಯೇ ನಮ್ಮ ಗಡಿಕಲ್ಲು



ಗಡಿಯ ವಿಚಾರವೆಂದೊಡನೆ ನಕಾಶೆ, ಗೆರೆ, ಠರಾವು, ಮನವಿಪತ್ರಗಳೇ ನಮ್ಮೆಲ್ಲರ ಕಣ್ಮುಂದೆ ಬರುವುದು ಸಹಜ. ನಾವಾದರೋ ಈ ದಿನ ನಕಾಶೆಯನ್ನು ಬದಿಗಿರಿಸಿ ಶಾಲೆಯ ಹಾಜರಿಪಟ್ಟಿಯನ್ನು ಕುರಿತು ಮಾತನಾಡಬೇಕೆಂದಿದ್ದೇವೆ. ನಕಾಶೆಯ ಗೆರೆಯನ್ನು ಸರಕಾರವು ಒಮ್ಮೆ ಎಳೆಯಿತು. ಶಿಕ್ಷಣ ಇಲಾಖೆಯಾದರೋ ಪ್ರತಿ ವರ್ಷವೂ ಜೂನ್ ತಿಂಗಳಲ್ಲಿ ಮಕ್ಕಳ ನಾಲಗೆಯ ಮೇಲೆ ಹೊಸದಾಗಿ ಒಂದು ಗೆರೆಯನ್ನು ಎಳೆಯುತ್ತಲೇ ಇರುತ್ತದೆ. ಈ ಎರಡನೆಯ ಗೆರೆಯ ವಿಷಯದಲ್ಲಿ ನಮ್ಮ ಕೈಯಲ್ಲಿಯೇ ಸ್ವಲ್ಪ ಅಧಿಕಾರವಿದೆಯೆಂಬುದನ್ನು ನಿಮಗೆ ತಿಳಿಸುವುದೇ ಈ ಭಾಷಣದ ಉದ್ದೇಶ.

ಮೊದಲು ಹಿಂದಿನ ಸಂಗತಿಯನ್ನು ನೆನೆಯೋಣ. ನಮ್ಮ ಈ ಸೀಮೆಯು ನಿಜಾಮರ ಹೈದರಾಬಾದು ಸಂಸ್ಥಾನಕ್ಕೆ ಸೇರಿತ್ತು. ಜಹೀರಾಬಾದು, ನಾರಾಯಣಖೇಡಗಳು ಬೀದರ ಜಿಲ್ಲೆಯ ತಾಲೂಕುಗಳಾಗಿದ್ದುವು. ತಾಂಡೂರು ಕಲಬುರಗಿ ಜಿಲ್ಲೆಯದಾಗಿತ್ತು. ಸಂಸ್ಥಾನದ ಪ್ರಜೆಗಳಲ್ಲಿ ಹೆಚ್ಚಿನವರು ತೆಲುಗು, ಮರಾಠಿ, ಕನ್ನಡಗಳನ್ನು ಆಡುವವರು. 1901ರ ಜನಗಣತಿಯ ಕಾಲಕ್ಕೆ ಉರ್ದು ಮಾತನಾಡುವವರು ನೂರಕ್ಕೆ ಹತ್ತರಷ್ಟು, ಕನ್ನಡದವರು ನೂರಕ್ಕೆ ಹದಿನಾಲ್ಕರಷ್ಟು ಇದ್ದರು. ಆದರೂ ದರಬಾರಿನ ಭಾಷೆ ಮೊದಲು ಫಾರಸಿ; 1880ರ ದಶಕದಲ್ಲಿ ಅದರ ಸ್ಥಾನಕ್ಕೆ ಉರ್ದು ಬಂದಿತು. ಕಚೇರಿಯ ಭಾಷೆ ಯಾವುದೋ ಶಾಲೆಯ ಭಾಷೆಯೂ ಅದೇ ಎಂಬುದು ಅಂದಿನ ಶಿಕ್ಷಣ ಇಲಾಖೆಯ ನೀತಿಯಾಯಿತು. ಕೆಳಗಿನ ತರಗತಿಗಳಲ್ಲಿ ದೇಶಭಾಷೆಗೆ ಅವಕಾಶವಿದ್ದರೂ ಮೇಲಿನ ಮೆಟ್ಟಿಲೇರಬೇಕಾದರೆ ಉರ್ದುವೇ ಗತಿಯಾಗಿತ್ತು. ಜಾಗೀರು, ಪಾಯಗಾಗಳಿಗೆ ಸೇರಿದ ಗ್ರಾಮಗಳಲ್ಲಂತೂ ಶಾಲೆಯೆಂಬುದೇ ಅಪೂರ್ವ ವಸ್ತು. ಇದರ ಫಲವೇನಾಯಿತು? 1951ರ ಜನಗಣತಿಯಲ್ಲಿಯೂ ಹೈದರಾಬಾದು ಸಂಸ್ಥಾನದಲ್ಲಿ ಓದುಬರಹ ಬಲ್ಲವರು ನೂರಕ್ಕೆ ಹತ್ತು ಮಂದಿಯೂ ಇರಲಿಲ್ಲ.

ಆದರೆ ಆ ಇಲಾಖೆಯನ್ನು ಕೇವಲ ದೂಷಿಸಿ ಮುಗಿಸುವುದು ನ್ಯಾಯವಾಗದು. 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾನಿಲಯವು ಸ್ಥಾಪಿತವಾಯಿತು. ಇಂಗ್ಲಿಷಿನಲ್ಲಲ್ಲದೆ ಉನ್ನತ ವಿದ್ಯೆ ಸಾಧ್ಯವಿಲ್ಲವೆಂದು ದೇಶವೆಲ್ಲ ನಂಬಿದ್ದ ಕಾಲದಲ್ಲಿ ಉರ್ದುವಿನಲ್ಲಿ ವಿಜ್ಞಾನವನ್ನೂ ಕಾಯಿದೆಯನ್ನೂ ವೈದ್ಯವನ್ನೂ ಅಲ್ಲಿ ಬೋಧಿಸಿದರು. ಗ್ರಂಥಗಳನ್ನು ಭಾಷಾಂತರಿಸಲು ಒಂದು ಪ್ರತ್ಯೇಕ ಭಾಷಾಂತರ ವಿಭಾಗವನ್ನೇ ತೆರೆದರು. ಭಾರತದ ಭಾಷೆಯೊಂದು ಉನ್ನತ ವಿದ್ಯೆಯ ಭಾರವನ್ನು ಹೊರಬಲ್ಲುದೆಂದು ಲೋಕಕ್ಕೆ ತೋರಿಸಿಕೊಟ್ಟುದು ಸಣ್ಣ ಕಾರ್ಯವಲ್ಲ. ನಮ್ಮ ದುಃಖವೇನೆಂದರೆ, ಉರ್ದುವಿಗೆ ಸಲ್ಲಿಸಿದ ಆ ನ್ಯಾಯವನ್ನು ಸಂಸ್ಥಾನದ ಬಹುಸಂಖ್ಯಾತ ಪ್ರಜೆಗಳ ಭಾಷೆಗಳಿಗೆ ಸಲ್ಲಿಸಲಿಲ್ಲ. ಒಂದು ದೇಶಭಾಷೆಯಿಂದ ಆಗುವ ಕೆಲಸ ಮತ್ತೊಂದರಿಂದ ಏಕೆ ಆಗದು? ಈ ಪ್ರಶ್ನೆಗೆ ಆ ಇಲಾಖೆಯಲ್ಲಿ ಉತ್ತರವಿರಲಿಲ್ಲ. ಆ ಉತ್ತರವನ್ನು ಕೊಟ್ಟವರು ಪ್ರಜೆಗಳೇ. 1907ರಲ್ಲಿ ಕಲಬುರಗಿಯಲ್ಲಿ ಹುಟ್ಟಿದ ನೂತನ ವಿದ್ಯಾಲಯ, ಪಂಡಿತ ತಾರಾನಾಥರು ರಾಯಚೂರಿನಲ್ಲಿ ಕಟ್ಟಿದ ಹಮ್‌ದರ್ದ್ ಶಾಲೆ, ಇಂತಹ ಸಂಸ್ಥೆಗಳು ಜನರ ಕಾಸಿನಿಂದ, ಜನರ ಧೈರ್ಯದಿಂದ ನಿಂತುವು.

ಶಿಕ್ಷಣ ಇಲಾಖೆಯ ಒಬ್ಬ ಅಧಿಕಾರಿ ಮನಸ್ಸು ಮಾಡಿದರೆ ಏನಾಗಬಹುದೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ಬೇರೊಂದು ದೃಷ್ಟಾಂತವಿದೆ. ಅದಕ್ಕಾಗಿ ಸ್ವಲ್ಪ ಹೊತ್ತು ಪಶ್ಚಿಮಕ್ಕೆ, ಮುಂಬಯಿ ಆಧಿಪತ್ಯಕ್ಕೆ ಸೇರಿದ್ದ ಧಾರವಾಡ-ಬೆಳಗಾವಿಗಳತ್ತ ನೋಡಬೇಕು. ಕಳೆದ ಶತಮಾನಕ್ಕೂ ಹಿಂದಿನ ಶತಮಾನದ ನಡುವಿನಲ್ಲಿ ಅಲ್ಲಿಯ ಕನ್ನಡ ಮಕ್ಕಳು ಮರಾಠಿ ಶಾಲೆಗಳಲ್ಲಿ ಅಕ್ಷರ ಕಲಿಯುತ್ತಿದ್ದರು. ಡೆಪ್ಯುಟಿ ಚನ್ನಬಸಪ್ಪನವರೆಂದು ಹೆಸರಾದವರು (1834-1881) ಅದೇ ಸರಕಾರದ ವಿದ್ಯಾ ಇಲಾಖೆಯ ನೌಕರರು. ಅವರು ಊರೂರು ತಿರುಗಿ, ಜನರಿಗೆ ತಿಳಿಹೇಳಿ, ಕನ್ನಡ ಶಾಲೆಗಳನ್ನು ತೆರೆಯಿಸಿದರು, ಉಪಾಧ್ಯಾಯರನ್ನು ಸಿದ್ಧಪಡಿಸಿದರು, ಓದಲು ಪುಸ್ತಕಗಳನ್ನೂ ಬರೆದುಕೊಟ್ಟರು. ಪರರ ಸರಕಾರ, ಪರರ ಆಡಳಿತ. ಆದರೂ ಇಲಾಖೆಯ ನಿಯಮಗಳನ್ನು ಬಲ್ಲವರೊಬ್ಬರು ಆ ನಿಯಮಗಳಿಂದಲೇ ಕನ್ನಡವನ್ನು ಉಳಿಸಿದರು. 1956ರಲ್ಲಿ ಆ ಸೀಮೆಯು ಕನ್ನಡ ರಾಜ್ಯದಲ್ಲಿ ಕೂಡಿಕೊಂಡಾಗ ಕನ್ನಡ ಓದಿದ ತಲೆಮಾರುಗಳು ಅಲ್ಲಿದ್ದುವು. ಶಾಲೆಯಲ್ಲಿ ಮೊದಲು ಆದ ಏಕೀಕರಣವೇ ಮುಂದೆ ರಾಜ್ಯದಲ್ಲಿ ಆಯಿತೆಂದರೆ ತಪ್ಪಾಗದು.

ಇನ್ನು ನಮ್ಮ ಸೀಮೆಗೆ ಮರಳೋಣ. 1948ರ ಸೆಪ್ಟೆಂಬರ್ 17ರಂದು ಹೈದರಾಬಾದು ಭಾರತದಲ್ಲಿ ಸೇರಿತು. 1953ರ ಡಿಸೆಂಬರಿನಲ್ಲಿ ನೇಮಕವಾದ ಫಜಲ್ ಅಲಿ ಆಯೋಗವು 1955ರ ಸೆಪ್ಟೆಂಬರ್ 30ರಂದು ತನ್ನ ವರದಿಯನ್ನು ಒಪ್ಪಿಸಿತು. ಬೀದರ ಜಿಲ್ಲೆಯನ್ನು ತೆಲುಗು ಜಿಲ್ಲೆಗಳೊಡನೆ ಕೂಡಿಸಿ ಹೈದರಾಬಾದು ರಾಜ್ಯವಾಗಿಯೇ ಉಳಿಸಬೇಕೆಂದು ಆ ಆಯೋಗ ಸೂಚಿಸಿತ್ತು. ಸಂಸತ್ತು ಆ ಸೂಚನೆಯನ್ನು ಹಾಗೆಯೇ ಒಪ್ಪಲಿಲ್ಲ. 1956ರ ರಾಜ್ಯ ಪುನರ್ವಿಂಗಡಣೆಯ ಕಾಯಿದೆಯು ಬೀದರ ಜಿಲ್ಲೆಯನ್ನು ಮೂರು ಭಾಗ ಮಾಡಿತು. ಉದಗೀರ, ನಿಲಂಗಾ, ಅಹಮದಪುರ ತಾಲೂಕುಗಳು ಮುಂಬಯಿ ರಾಜ್ಯಕ್ಕೆ ಹೋದುವು. ನಾರಾಯಣಖೇಡ ತಾಲೂಕು, ನಿರ್ಣಾ ಸರ್ಕಲನ್ನುಳಿದ ಜಹೀರಾಬಾದು ತಾಲೂಕು ಮತ್ತು ಬೀದರ ತಾಲೂಕಿನ ನ್ಯಾಲಕಲ್ ಸರ್ಕಲು ಆಂಧ್ರಪ್ರದೇಶದ ಮೆದಕ ಜಿಲ್ಲೆಗೆ ಸೇರಿದುವು. ಕಲಬುರಗಿಯ ತಾಂಡೂರು ತಾಲೂಕು ಹೈದರಾಬಾದು ಜಿಲ್ಲೆಗೆ ಹೋಯಿತು. ಉಳಿದುದು ಮೈಸೂರು ರಾಜ್ಯವಾಯಿತು.

ಇಲ್ಲಿ ಒಂದು ಸಂಗತಿಯನ್ನು ಲಕ್ಷ್ಯವಿಟ್ಟು ಕೇಳಬೇಕು. ಜಹೀರಾಬಾದು ತಾಲೂಕಿನ ನಿರ್ಣಾ ಸರ್ಕಲು ಪಡುವಣಕ್ಕೆ ಬಂತು. ಬೀದರ ತಾಲೂಕಿನ ನ್ಯಾಲಕಲ್ ಸರ್ಕಲು ಮೂಡಣಕ್ಕೆ ಹೋಯಿತು. 1956ರ ಅಕ್ಟೋಬರ್ 31ರವರೆಗೆ ಈ ಎರಡು ಸರ್ಕಲುಗಳ ಮಕ್ಕಳು ಒಂದೇ ಜಿಲ್ಲೆಯ, ಒಂದೇ ಇಲಾಖೆಯ ಮಕ್ಕಳು. ಮರುದಿನದಿಂದ ಒಬ್ಬನ ಪಠ್ಯಪುಸ್ತಕ ಬೆಂಗಳೂರಿನಲ್ಲಿ ನಿರ್ಣಯವಾಗತೊಡಗಿತು, ಮತ್ತೊಬ್ಬನದು ಹೈದರಾಬಾದಿನಲ್ಲಿ. ಹೊಲಗಳು ಅಲುಗಲಿಲ್ಲ. ಮಂಜೀರೆ ತನ್ನ ಪಾತ್ರವನ್ನು ಬಿಡಲಿಲ್ಲ. ತಾಂಡೂರಿನ ಮಗ್ಗುಲಲ್ಲಿ ಹರಿಯುವ ಕಾಗಿಣೆ ಎಂದಿನಂತೆ ನೃಪತುಂಗನ ಮಳಖೇಡವನ್ನು ಮುಟ್ಟಿ ಭೀಮೆಯನ್ನು ಕೂಡುತ್ತಲೇ ಇತ್ತು. ಝರಾಸಂಗಮದ ಸಂಗಮೇಶ್ವರನ ದರ್ಶನಕ್ಕೆ ಎರಡು ಕಡೆಯ ಭಕ್ತರೂ ಬರುತ್ತಲೇ ಇದ್ದರು. ಬೀಗತನಗಳು ಮುರಿಯಲಿಲ್ಲ. ಬದಲಾದುದು ಮಗುವಿನ ಕೈಯಲ್ಲಿಯ ಪುಸ್ತಕ. ಅದು ಬದಲಾದುದರಿಂದ, ಎರಡು ತಲೆಮಾರು ಕಳೆಯುವಷ್ಟರಲ್ಲಿ, ಅಜ್ಜಿಯು ಕನ್ನಡದಲ್ಲಿ ಆಡಿದುದನ್ನು ಮೊಮ್ಮಗನು ತಿಳಿಯಬಲ್ಲನಾದರೂ ಬೀದರದಿಂದ ಬಂದ ಲಗ್ನಪತ್ರಿಕೆಯನ್ನು ಓದಲಾರದ ಸ್ಥಿತಿ ಎಷ್ಟೋ ಮನೆಗಳಲ್ಲಿ ಬಂದೊದಗಿತು.

ಆ ಬಳಿಕ ರಾಜ್ಯದ ಹೆಸರು ಬದಲಾಯಿತು. 2014ರ ಜೂನ್ 2ರಂದು ತೆಲಂಗಾಣ ರಾಜ್ಯ ಉದಯಿಸಿತು. 2016ರಲ್ಲಿ ಜಿಲ್ಲೆಗಳನ್ನು ಮತ್ತೆ ವಿಂಗಡಿಸಿದಾಗ ಜಹೀರಾಬಾದು, ನಾರಾಯಣಖೇಡಗಳು ಸಂಗಾರೆಡ್ಡಿ ಜಿಲ್ಲೆಗೂ ತಾಂಡೂರು ವಿಕಾರಾಬಾದು ಜಿಲ್ಲೆಗೂ ಸೇರಿದುವು. 2018ರ ಕಾಯಿದೆಯೊಂದರಿಂದ ತೆಲಂಗಾಣದ ಎಲ್ಲ ಶಾಲೆಗಳಲ್ಲಿಯೂ ತೆಲುಗು ಕಲಿಕೆ ಹಂತಹಂತವಾಗಿ ಕಡ್ಡಾಯವಾಯಿತು. ಈ ಕಾಯಿದೆಯ ಮೇಲೆ ನಮಗೆ ಸಿಟ್ಟಿಲ್ಲ. ತೆಲುಗು ನಮ್ಮ ನೆರೆಯವರ ಭಾಷೆ. ಸಂತೆಯಲ್ಲಿ, ಕಚೇರಿಯಲ್ಲಿ ನಮಗೆ ಅನ್ನ ಕೊಡುವ ಭಾಷೆ. ನಮ್ಮಲ್ಲಿ ಅನೇಕರ ಮನೆಯೊಳಗೂ ಆಡುವ ಭಾಷೆ. ನಮ್ಮ ಮಕ್ಕಳು ಅದನ್ನು ಚೆನ್ನಾಗಿ ಕಲಿಯಲಿ. ನಾವು ಕೇಳುವುದು ಇಷ್ಟೇ: ನೆರೆಯ ಭಾಷೆಯನ್ನು ಕಲಿಯುವುದಕ್ಕಾಗಿ ತಾಯಿಯ ಭಾಷೆಯನ್ನು ಮರೆಯಬೇಕಾದ ಅಗತ್ಯವೇನು?

ಈ ಪ್ರಶ್ನೆಯನ್ನು ಕೇಳುವ ಅಧಿಕಾರ ನಮಗೆ ಸಂವಿಧಾನದಿಂದಲೇ ಬಂದಿದೆ. ನಮ್ಮನ್ನು ವಿಂಗಡಿಸಿದ ಅದೇ 1956ರಲ್ಲಿ ಏಳನೆಯ ತಿದ್ದುಪಡಿಯಿಂದ 350-ಎ ಎಂಬ ವಿಧಿಯು ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯಲ್ಲಿ ಶಿಕ್ಷಣ ಕೊಡುವುದಕ್ಕೆ ಸಾಕಷ್ಟು ಅನುಕೂಲತೆಯನ್ನು ಒದಗಿಸಲು ಪ್ರತಿಯೊಂದು ರಾಜ್ಯವೂ ಯತ್ನಿಸತಕ್ಕದ್ದೆಂದು ಅದು ವಿಧಿಸುತ್ತದೆ. 350-ಬಿ ವಿಧಿಯ ಮೇರೆಗೆ 1957ರಲ್ಲಿ ಭಾಷಾ ಅಲ್ಪಸಂಖ್ಯಾತರ ಆಯುಕ್ತರ ಕಚೇರಿಯು ಏರ್ಪಟ್ಟಿತು. ಇದಕ್ಕೂ ಮೊದಲೇ, 1949ರ ಆಗಸ್ಟಿನಲ್ಲಿ, ಪ್ರಾಂತಗಳ ಶಿಕ್ಷಣ ಮಂತ್ರಿಗಳು ಸೇರಿ ಒಂದು ನಿರ್ಣಯವನ್ನು ಮಾಡಿದ್ದರು. ಒಂದು ಶಾಲೆಯಲ್ಲಿ ಒಟ್ಟು 40 ಮಕ್ಕಳು ಅಥವಾ ಒಂದು ತರಗತಿಯಲ್ಲಿ 10 ಮಕ್ಕಳು ಬೇರೆ ತಾಯ್ನುಡಿಯವರಾಗಿದ್ದರೆ ಆ ನುಡಿಯಲ್ಲಿ ಕಲಿಸಲು ಒಬ್ಬ ಉಪಾಧ್ಯಾಯನನ್ನಾದರೂ ನೇಮಿಸತಕ್ಕದ್ದು. ತಾಯ್ನುಡಿ ಯಾವುದೆಂದರೆ, ತಂದೆತಾಯಿಗಳು ಅಥವಾ ಪಾಲಕರು ಯಾವುದನ್ನು ಹೇಳುವರೋ ಅದೇ. 2014ರ ಮೇ 6ರಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವೂ ಮಗುವಿನ ತಾಯ್ನುಡಿಯನ್ನು ನಿರ್ಧರಿಸತಕ್ಕವರು ಪಾಲಕರೇ ಎಂದು ತೀರ್ಪಿತ್ತಿತು. ಇಂಥದೇ ಮಾಧ್ಯಮದಲ್ಲಿ ಓದಬೇಕೆಂದು ಸರಕಾರ ಬಲವಂತಪಡಿಸಲಾಗದೆಂಬುದೂ ಅದೇ ತೀರ್ಪಿನಲ್ಲಿದೆ. ಅಂದರೆ ಕನ್ನಡವನ್ನು ನಮ್ಮ ಮಕ್ಕಳಿಗೆ ಯಾರೂ ಬಲವಂತದಿಂದ ಕೊಡಲಾರರು. ನಾವೇ ಕೇಳಿ ಪಡೆಯಬೇಕು.

ಹತ್ತು ಮತ್ತು ನಲವತ್ತು: ಈ ಎರಡು ಅಂಕಿಗಳನ್ನು ದಯವಿಟ್ಟು ನೆನಪಿನಲ್ಲಿಡಿರಿ. ಮಗುವನ್ನು ಶಾಲೆಗೆ ಸೇರಿಸುವ ದಿನ ನಮ್ಮಲ್ಲಿ ಏನಾಗುತ್ತಿದೆ? ಗುರುಗಳು ಹೆಸರು ಕೇಳುತ್ತಾರೆ, ವಯಸ್ಸು ಕೇಳುತ್ತಾರೆ. ತಾಯ್ನುಡಿಯ ಅಂಕಣ ಬಂದಾಗ ನಾವು ಸುಮ್ಮನಿರುತ್ತೇವೆ. ನಾವು ಸುಮ್ಮನಿದ್ದೆಡೆಯಲ್ಲಿ ರೂಢಿಯಿಂದ ‘ತೆಲುಗು’ ಎಂದು ಬರೆಯಲ್ಪಡುತ್ತದೆ. ಬರೆದವರಲ್ಲಿ ದ್ವೇಷವಿರಬೇಕಾಗಿಲ್ಲ; ಕೇಳುವವರಿಲ್ಲದುದರಿಂದ ಹಾಗಾಗುತ್ತದೆ. ಹತ್ತು ಮನೆಗಳವರು ಹೀಗೆ ಮೌನವಾಗಿದ್ದರೆ ಆ ತರಗತಿಯಲ್ಲಿ ಕನ್ನಡ ಮಗುವೇ ಇಲ್ಲವೆಂದು ದಾಖಲೆ ನುಡಿಯುತ್ತದೆ. ಮಗುವೇ ಇಲ್ಲವೆಂದ ಮೇಲೆ ಉಪಾಧ್ಯಾಯನೇಕೆ? ಉಪಾಧ್ಯಾಯನಿಲ್ಲವೆಂದ ಮೇಲೆ ಪುಸ್ತಕವೇಕೆ? ಹೀಗೆ ಒಂದು ಖಾಲಿ ಅಂಕಣದಿಂದ ಒಂದು ಊರಿನ ಕನ್ನಡ ಅಳಿಯುತ್ತದೆ. ಮುಂದೊಂದು ದಿನ ಗಡಿಯನ್ನು ಮತ್ತೆ ಪರಿಶೀಲಿಸುವ ಪ್ರಸಂಗ ಬಂದರೂ ಕೇಳತಕ್ಕ ಮೊದಲ ಪ್ರಶ್ನೆ ‘ಅಂಕಿಗಳೇನು?’ ಎಂಬುದೇ.

ಇಲ್ಲಿ ಕೆಲವು ತಂದೆತಾಯಿಗಳು ನಮ್ಮನ್ನು ಕೇಳುತ್ತಾರೆ: ಕನ್ನಡ ಓದಿದರೆ ಹೈದರಾಬಾದಿನಲ್ಲಿ ನೌಕರಿ ಸಿಕ್ಕೀತೇ? ಈ ಮಾತನ್ನು ನಾವು ಹಗುರವಾಗಿ ಎಣಿಸುವುದಿಲ್ಲ. ಬಡವನಿಗೆ ಮಗನ ಹೊಟ್ಟೆಪಾಡಿನ ಚಿಂತೆಯೇ ಮೊದಲು, ಅಭಿಮಾನ ಆಮೇಲೆ. ಕನ್ನಡವೊಂದನ್ನೇ ಓದಿರೆಂದು ನಾವು ಹೇಳುತ್ತಿಲ್ಲ. ಮೊದಲ ಅಕ್ಷರಗಳು ಮನೆಯ ಮಾತಿನಲ್ಲಿ ಬಂದರೆ ಮಗುವಿಗೆ ಉಳಿದ ಭಾಷೆಗಳನ್ನು ಹಿಡಿಯುವುದು ಸುಲಭ. 2009ರ ಶಿಕ್ಷಣ ಹಕ್ಕಿನ ಕಾಯಿದೆಯೂ ಸಾಧ್ಯವಾದಷ್ಟು ಮಟ್ಟಿಗೆ ತಾಯ್ನುಡಿಯೇ ಮಾಧ್ಯಮವಾಗಿರತಕ್ಕದ್ದೆನ್ನುತ್ತದೆ. ಅದೂ ಸಾಧ್ಯವಾಗದ ಊರಿನಲ್ಲಿ ಕನ್ನಡ ಒಂದು ವಿಷಯವಾಗಿಯಾದರೂ ಉಳಿಯಲಿ. ಗಡಿನಾಡಿನ ಕನ್ನಡಿಗರಿಗೆಂದು ಕರ್ನಾಟಕ ಸರಕಾರವು ವೃತ್ತಿಶಿಕ್ಷಣದ ಪ್ರವೇಶದಲ್ಲಿ ಅವಕಾಶವಿರಿಸಿದೆ. 2010ರ ಕಾಯಿದೆಯಂತೆ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರವೂ ಇದೆ. ಆದರೆ ಕನ್ನಡಿಗರೆಂದು ದಾಖಲೆಯೇ ಇಲ್ಲದವರು ಕನ್ನಡಿಗರಿಗಾಗಿ ಇರುವ ಬಾಗಿಲನ್ನು ತಟ್ಟುವುದು ಹೇಗೆ?

ಆದುದರಿಂದ ನಮ್ಮ ಕೋರಿಕೆ ಮೂರೇ ಮಾತಿನದು. ಒಂದನೆಯದು: ಮಗುವನ್ನು ಸೇರಿಸುವಾಗ ತಾಯ್ನುಡಿ ಕನ್ನಡವೆಂದು ಬಾಯ್ಬಿಟ್ಟು ಹೇಳಿರಿ, ಬರೆದುದನ್ನು ಓದಿಸಿ ಕೇಳಿರಿ. ಈಗಾಗಲೇ ತಪ್ಪಾಗಿದ್ದರೆ ತಿದ್ದಲು ಅರ್ಜಿ ಕೊಡಿರಿ. ಎರಡನೆಯದು: ಭಾಷಾ ಅಲ್ಪಸಂಖ್ಯಾತರ ರಕ್ಷಣೆಗಾಗಿ ರಾಜ್ಯಗಳು ಒಪ್ಪಿಕೊಂಡ ಕ್ರಮಗಳಲ್ಲಿ ಶಾಲೆ ಆರಂಭವಾಗುವ ಮೂರು ತಿಂಗಳ ಮೊದಲೇ ಮಕ್ಕಳ ಹೆಸರನ್ನು ನೋಂದಾಯಿಸುವುದೂ ಒಂದು. ಯುಗಾದಿಯ ವೇಳೆಗೆ ಊರಿನ ಹಿರಿಯರು ಕುಳಿತು ಮುಂದಿನ ವರ್ಷ ಶಾಲೆಗೆ ಹೋಗತಕ್ಕ ಮಕ್ಕಳ ಪಟ್ಟಿಯನ್ನು ಮಾಡಿ, ಪಾಲಕರ ಸಹಿ ಅಥವಾ ಹೆಬ್ಬೆಟ್ಟಿನೊಡನೆ ಮುಖ್ಯೋಪಾಧ್ಯಾಯರಿಗೂ ಮಂಡಲದ ವಿದ್ಯಾಧಿಕಾರಿಗಳಿಗೂ ಕೊಟ್ಟು ರಸೀದಿ ಪಡೆಯಲಿ. ಮೂರನೆಯದು: ಒಂದು ಊರಿನಲ್ಲಿ ಹತ್ತು ಮಕ್ಕಳಿಲ್ಲದಿದ್ದರೆ ನೆರೆಯ ಊರಿನವರೊಡನೆ ಕೂಡಿ ಒಂದೇ ಶಾಲೆಯನ್ನು ಆರಿಸಿಕೊಳ್ಳಿರಿ. ಉತ್ತರ ಬಾರದಿದ್ದಲ್ಲಿ ಆ ರಸೀದಿಯನ್ನು ನಮ್ಮ ಸಮಿತಿಗೆ ತಲುಪಿಸಿರಿ. ಅದನ್ನು ಭಾಷಾ ಅಲ್ಪಸಂಖ್ಯಾತರ ಆಯುಕ್ತರವರೆಗೂ ಒಯ್ಯುವ ಹೊಣೆ ನಮ್ಮದು.

ಬಂಧುಗಳೇ, ಈ ಸೀಮೆಯು ಕರ್ನಾಟಕದಲ್ಲಿ ಕೂಡಬೇಕೆಂಬ ನಮ್ಮ ಹಂಬಲವನ್ನು ನಾವು ಬಿಟ್ಟಿಲ್ಲ. ಆದರೆ ಅದು ಎಂದು ಕೈಗೂಡುವುದೆಂದು ಹೇಳುವ ಶಕ್ತಿ ನಮಗಿಲ್ಲ. ಹೇಳಿದರೆ ನಿಮಗೆ ಸುಳ್ಳು ನುಡಿದಂತಾದೀತು. ಗಡಿಯ ವ್ಯಾಜ್ಯ ಕಾಯಬಲ್ಲುದು. ಆರು ವರ್ಷದ ಮಗು ಕಾಯಲಾರದು; ಬರುವ ವರ್ಷ ಅದಕ್ಕೆ ಏಳು ವರ್ಷವಾಗುತ್ತದೆ. ಒಂದು ವೇಳೆ ನಾಳೆಯೇ ಏಕೀಕರಣವಾದರೂ, ಓದಬಲ್ಲ ಕನ್ನಡಿಗರಿಲ್ಲದ ಊರುಗಳು ಕೂಡಿದರೆ ಕೂಡಿದುದು ಮಣ್ಣು ಮಾತ್ರವೇ ಆದೀತು. ಈ ಜೂನಿನಲ್ಲಿ ಶಾಲೆಯ ಬಾಗಿಲು ತೆರೆದಾಗ ನೀವು ಮಗುವಿನ ಕೈಹಿಡಿದು ಹೋಗಿ ಆ ಒಂದು ಅಂಕಣದಲ್ಲಿ ‘ಕನ್ನಡ’ ಎಂದು ಬರೆಯಿಸಿ ಬನ್ನಿರಿ. ಅದಕ್ಕೆ ಹಣ ಬೇಡ, ಜಗಳ ಬೇಡ, ಯಾರ ಅಪ್ಪಣೆಯೂ ಬೇಡ. ನಮ್ಮ ಕೈಯಿಂದ ಇಂದು ನೆಡಬಹುದಾದ ಗಡಿಕಲ್ಲು ಅದೊಂದೇ.