ಯುದ್ಧ ದೂರದ್ದು, ಲೆಕ್ಕ ನಮ್ಮ ಕಣಜದ್ದು



ಬೀಜ, ಗೊಬ್ಬರ, ದನಕರುಗಳ ಮಾತನ್ನು ಈ ಹೊತ್ತು ಸ್ವಲ್ಪ ಬದಿಗಿಟ್ಟು, ಹಣದ ಮಾತು ಆಡೋಣ. ಹಣದ ಮಾತು ಅಂದರೆ ಪಟ್ಟಣದವರಿಗೆ, ಓದಿದವರಿಗೆ ಸೇರಿದ್ದು ಎಂದು ನೀವು ಎದ್ದು ಹೋಗಬೇಡಿ. ನಾವು ಬೆಳೆದ ರಾಗಿಗೂ, ಕೊಳ್ಳುವ ಉಪ್ಪಿಗೂ, ತೀರಿಸುವ ಸಾಲಕ್ಕೂ ಸಂಬಂಧಪಟ್ಟ ಮಾತು ಇದು.

ನಿಮ್ಮ ಮನೆಯಲ್ಲಿ ಅಜ್ಜ ಅಜ್ಜಿಯರು ಹೇಳುತ್ತಿದ್ದದ್ದು ನೆನಪಿರಬಹುದು: ಯುದ್ಧದ ಕಾಲದಲ್ಲಿ ಸೀಮೆಎಣ್ಣೆ ಸಿಗುತ್ತಿರಲಿಲ್ಲ, ಸೀರೆಗೆ ಸಾಲು ನಿಲ್ಲಬೇಕಿತ್ತು, ಬೆಳ್ಳಿ ರೂಪಾಯಿ ಮಾಯವಾಗಿ ಕಾಗದದ ರೂಪಾಯಿ ಬಂತು, ಎಂದು. ಯುದ್ಧ ನಡೆದದ್ದು ಯೂರೋಪಿನಲ್ಲಿ, ಆಫ್ರಿಕದ ಮರಳುಗಾಡಿನಲ್ಲಿ, ಬರ್ಮದ ಕಾಡಿನಲ್ಲಿ. ನಮ್ಮ ಹಳ್ಳಿಗಳ ಮೇಲೆ ಒಂದು ಗುಂಡೂ ಹಾರಲಿಲ್ಲ. ಹಾಗಿದ್ದ ಮೇಲೆ ಅದರ ಬಿಸಿ ನಮ್ಮ ಒಲೆಯವರೆಗೆ ಬಂದದ್ದು ಹೇಗೆ? ಇದೇ ಇವತ್ತಿನ ಪ್ರಶ್ನೆ.

1939ರ ಸೆಪ್ಟೆಂಬರ್ 3ರಂದು ಇಂಗ್ಲೆಂಡು ಜರ್ಮನಿಯ ಮೇಲೆ ಯುದ್ಧ ಸಾರಿತು. ಅದೇ ದಿನ ವೈಸರಾಯರು ಭಾರತವೂ ಯುದ್ಧದಲ್ಲಿದೆ ಎಂದು ಘೋಷಿಸಿಬಿಟ್ಟರು. ನಮ್ಮ ಜನನಾಯಕರನ್ನು ಯಾರೂ ಕೇಳಲಿಲ್ಲ. ಸರಿ, ಯುದ್ಧವೆಂದ ಮೇಲೆ ಖರ್ಚು ಉಂಟಷ್ಟೆ. ಆ ಖರ್ಚನ್ನು ಹೊರುವವರು ಯಾರು? 1939ರ ನವೆಂಬರಿನಲ್ಲಿ ಲಂಡನ್ನಿಗೂ ದೆಹಲಿಗೂ ಒಂದು ಒಪ್ಪಂದವಾಯಿತು. ಶಾಂತಿಕಾಲದಲ್ಲಿ ಭಾರತದ ಸೈನ್ಯಕ್ಕೆ ತಗಲುತ್ತಿದ್ದ ಖರ್ಚು, ಭಾರತದ ಸ್ವಂತ ರಕ್ಷಣೆಗೆ ತಗಲುವ ಖರ್ಚು, ಇವು ಭಾರತದ ಪಾಲು. ಅದಕ್ಕೆ ಮಿಕ್ಕದ್ದು ಇಂಗ್ಲೆಂಡಿನ ಪಾಲು.

ಕೇಳಿದರೆ ನ್ಯಾಯವಾಗಿಯೇ ಇದೆ, ಅಲ್ಲವೆ? ಆದರೆ ತೊಡಕು ಇದ್ದದ್ದು ಇಂಗ್ಲೆಂಡು ತನ್ನ ಪಾಲನ್ನು ಕೊಟ್ಟ ರೀತಿಯಲ್ಲಿ. ಅದನ್ನು ಒಂದು ಹಳ್ಳಿಯ ಉದಾಹರಣೆಯಿಂದ ಹೇಳುತ್ತೇನೆ.

ಪಕ್ಕದ ದೊಡ್ಡ ಊರಿನ ಗೌಡನಿಗೆ ಇನ್ನೊಂದು ಊರಿನ ಮೇಲೆ ವ್ಯಾಜ್ಯ ಬಂತು ಅನ್ನಿ. ಅವನು ನಮ್ಮ ಊರಿಗೆ ಬಂದು ಬತ್ತ, ಬೆಲ್ಲ, ಹಗ್ಗ, ಬಟ್ಟೆ, ಗಾಡಿ ಎಲ್ಲವನ್ನೂ ತೆಗೆದುಕೊಂಡು ಹೋಗುತ್ತಾನೆ. ದುಡ್ಡು ಕೊಡುವುದಿಲ್ಲ. ತನ್ನ ಮನೆಯ ಖಾತೆಯಲ್ಲಿ ‘ಇಂಥ ಊರಿಗೆ ಇಷ್ಟು ಕೊಡತಕ್ಕದ್ದು’ ಎಂದು ಬರೆದುಕೊಳ್ಳುತ್ತಾನೆ. ನಮ್ಮ ಊರಿನ ಪಾರುಪತ್ಯಗಾರ ಆ ಬರಹವನ್ನು ನಂಬಿಕೊಂಡು, ಬತ್ತ ಕೊಟ್ಟವರಿಗೆಲ್ಲ ಕಾಗದದ ಚೀಟಿ ಹಂಚುತ್ತಾನೆ. ಈಗ ನೋಡಿ: ಊರಿನಲ್ಲಿ ಬತ್ತ, ಬೆಲ್ಲ, ಬಟ್ಟೆ ಕಡಿಮೆಯಾದವು. ಚೀಟಿ ಮಾತ್ರ ಹೆಚ್ಚಾದವು. ಚೀಟಿ ಹಿಡಿದುಕೊಂಡು ಅಂಗಡಿಗೆ ಹೋದರೆ ಏನಾಗುತ್ತದೆ? ಇದ್ದ ನಾಲ್ಕು ಅಚ್ಚು ಬೆಲ್ಲಕ್ಕೆ ನಲವತ್ತು ಜನ ಚೀಟಿ ಚಾಚುತ್ತಾರೆ. ಬೆಲೆ ಏರುತ್ತದೆ.

ದೊಡ್ಡ ಪ್ರಮಾಣದಲ್ಲಿ ನಡೆದದ್ದೂ ಇದೇ. ಇಂಗ್ಲೆಂಡು ತಾನು ಕೊಡಬೇಕಾದ ಹಣವನ್ನು ಲಂಡನ್ನಿನಲ್ಲಿ ಪೌಂಡಿನ ಲೆಕ್ಕದಲ್ಲಿ ಜಮಾ ಮಾಡಿತು. ಇದಕ್ಕೆ ಸ್ಟರ್ಲಿಂಗ್ ಶಿಲ್ಕು ಎನ್ನೋಣ. ಆ ಪೌಂಡಿನ ಪತ್ರಗಳನ್ನು ಆಧಾರವಾಗಿ ಇಟ್ಟುಕೊಂಡು ನಮ್ಮ ರಿಸರ್ವ್ ಬ್ಯಾಂಕು ರೂಪಾಯಿ ನೋಟುಗಳನ್ನು ಹೊರಡಿಸಿತು. ಕಾನೂನಿನಲ್ಲಿ ಅದಕ್ಕೆ ಅವಕಾಶವಿತ್ತು. ಆ ನೋಟುಗಳಿಂದ ಸರ್ಕಾರ ಸೈನ್ಯಕ್ಕೆ ಗೋಧಿ, ಅಕ್ಕಿ, ಬಟ್ಟೆ, ಸೆಣಬು, ಮರ, ಉಕ್ಕು ಕೊಂಡಿತು. ಸಿಪಾಯಿಗಳಿಗೆ ಸಂಬಳ ಕೊಟ್ಟಿತು. ಯುದ್ಧ ಮುಗಿಯುವ ಹೊತ್ತಿಗೆ ಭಾರತದ ಸೈನ್ಯ ಸುಮಾರು 25 ಲಕ್ಷ ಜನಕ್ಕೆ ಬೆಳೆದಿತ್ತು.

ಅಂಕಿ ಕೇಳಿ. 1939ರಲ್ಲಿ ದೇಶದಲ್ಲಿ ಓಡಾಡುತ್ತಿದ್ದ ನೋಟು ಸುಮಾರು 180 ಕೋಟಿ ರೂಪಾಯಿನಷ್ಟು. 1945ರ ಕೊನೆಗೆ ಅದು ಸುಮಾರು 1,200 ಕೋಟಿ. ಅಂದರೆ ಆರು ಪಟ್ಟಿಗೂ ಹೆಚ್ಚು. ಬೆಳೆ ಆರು ಪಟ್ಟು ಆಯಿತೆ? ಇಲ್ಲ. ಮಗ್ಗಗಳು ಆರು ಪಟ್ಟು ಆದುವೆ? ಅದೂ ಇಲ್ಲ. 1942ರಲ್ಲಿ ಬರ್ಮ ಜಪಾನಿನ ಕೈಗೆ ಹೋದದ್ದರಿಂದ ಅಲ್ಲಿಂದ ಬರುತ್ತಿದ್ದ ಅಕ್ಕಿಯೂ ಸೀಮೆಎಣ್ಣೆಯೂ ನಿಂತೇಹೋದುವು. ಹೀಗಾಗಿ ಯುದ್ಧದ ಕೊನೆಯ ವರ್ಷಗಳಲ್ಲಿ ಸಗಟು ಬೆಲೆಗಳು 1939ರಲ್ಲಿ ಇದ್ದದ್ದರ ಎರಡೂವರೆ ಪಟ್ಟಿನ ಹತ್ತಿರಕ್ಕೆ ಏರಿದುವು. ಅದೂ ಸರ್ಕಾರ ಕಟ್ಟಿದ ದರದ ಲೆಕ್ಕ. ಕಾಳಸಂತೆಯ ಬೆಲೆ ಬೇರೆ.

ನಮ್ಮ ಕನ್ನಡ ನಾಡು ಆಗ ಹರಿದು ಹಂಚಿಹೋಗಿತ್ತು. ಮೈಸೂರು ಸಂಸ್ಥಾನ ಬೇರೆ. ಧಾರವಾಡ, ಬೆಳಗಾವಿ, ಬಿಜಾಪುರ ಮುಂಬಯಿ ಪ್ರಾಂತಕ್ಕೆ. ಬಳ್ಳಾರಿ, ಮಂಗಳೂರು ಮದರಾಸಿಗೆ. ರಾಯಚೂರು, ಗುಲ್ಬರ್ಗ, ಬೀದರ್ ಸೀಮೆಯಲ್ಲಿ ನಿಜಾಮರ ಹಾಲಿ ಸಿಕ್ಕಾ ನಡೆಯುತ್ತಿತ್ತು. ಆದರೆ ಹಾಲಿ ಸಿಕ್ಕಾ ರೂಪಾಯಿಗೆ ಕಟ್ಟಿತ್ತು, ರೂಪಾಯಿ ಪೌಂಡಿಗೆ ಕಟ್ಟಿತ್ತು. ಆದ್ದರಿಂದ ಯಾವ ರಾಜರ ಸೀಮೆಯಲ್ಲಿದ್ದರೂ ಈ ಹೊಳೆಯ ನೀರು ತಟ್ಟದೆ ಇರಲಿಲ್ಲ.

ಬೆಲೆ ಏರಿದರೆ ಬೆಳೆಯುವವನಿಗೆ ಒಳ್ಳೆಯದೇ ಅಲ್ಲವೆ, ಎಂದು ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ಮಾರುವುದಕ್ಕೆ ಮಿಗತೆ ಇದ್ದವನಿಗೆ ಒಂದು ಲಾಭ ಆಯಿತು ನಿಜ. ನೂರು ರೂಪಾಯಿ ಹಳೆಯ ಸಾಲ ಇತ್ತು ಅನ್ನಿ. ಪಲ್ಲಕ್ಕೆ ಐದು ರೂಪಾಯಿ ಇದ್ದಾಗ ಇಪ್ಪತ್ತು ಪಲ್ಲ ರಾಗಿ ಮಾರಬೇಕಿತ್ತು. ಹನ್ನೆರಡೂವರೆ ಆದಾಗ ಎಂಟು ಪಲ್ಲಕ್ಕೇ ಸಾಲ ತೀರಿತು. ಜಪಾನಿನ ರೇಷ್ಮೆ ನಿಂತುಹೋದದ್ದರಿಂದ, ಪ್ಯಾರಾಚೂಟಿನ ಬಟ್ಟೆಗೆಂದು ನಮ್ಮ ಮೈಸೂರಿನ ರೇಷ್ಮೆಗೂ ಬೇಡಿಕೆ ಬಂತು. ಆದರೆ ಕೈಗೆ ಬಂದ ನೋಟಿಗೆ ನೇಗಿಲಿನ ಕಬ್ಬಿಣ ಸಿಗಲಿಲ್ಲ, ಬಟ್ಟೆ ಸಿಗಲಿಲ್ಲ. ಮಡಕೆಯಲ್ಲಿ ಕೂಡಿಟ್ಟ ನೋಟು ಇಟ್ಟಲ್ಲೇ ಸವೆಯಿತು.

ಇನ್ನು ಕೂಲಿಯವರ ಪಾಡು ಕೇಳಿ. ಇದೂ ಲೆಕ್ಕಕ್ಕಾಗಿ ಹೇಳುವ ಉದಾಹರಣೆ. ಕೂಲಿ ಎಂಟಾಣೆ, ಧಾನ್ಯ ಸೇರಿಗೆ ಎರಡಾಣೆ ಇದ್ದಾಗ ದಿನಕ್ಕೆ ನಾಲ್ಕು ಸೇರು ಬಂತು. ಕೂಲಿ ಹನ್ನೆರಡಾಣೆಗೆ ಏರಿತು, ಸಂತೋಷ. ಆದರೆ ಧಾನ್ಯ ನಾಲ್ಕಾಣೆಗೆ ಏರಿತು. ಈಗ ಬಂದದ್ದು ಮೂರೇ ಸೇರು. ಕೈಯಲ್ಲಿ ದುಡ್ಡು ಹೆಚ್ಚು, ಗಡಿಗೆಯಲ್ಲಿ ಹಿಟ್ಟು ಕಡಿಮೆ. ಆ ಒಂದು ಸೇರು ಎಲ್ಲಿಗೆ ಹೋಯಿತು? ಯುದ್ಧಕ್ಕೆ ಹೋಯಿತು. ಯಾವ ಅಮಲ್ದಾರನೂ ಬಂದು ತೆರಿಗೆ ಎಂದು ಕೇಳಲಿಲ್ಲ, ರಸೀದಿ ಕೊಡಲಿಲ್ಲ. ಆದರೂ ವಸೂಲಾಯಿತು.

ಈ ವಸೂಲಿ ಅತಿ ಕ್ರೂರವಾಗಿ ಆದದ್ದು 1943ರ ಬಂಗಾಳದಲ್ಲಿ. ಬರ್ಮದ ಅಕ್ಕಿ ನಿಂತಿತ್ತು. ಶತ್ರುವಿನ ಕೈಗೆ ಸಿಗಬಾರದೆಂದು ಕರಾವಳಿಯ ದೋಣಿಗಳನ್ನು ಸರ್ಕಾರವೇ ಕಿತ್ತುಕೊಂಡಿತ್ತು. 1942ರ ಅಕ್ಟೋಬರಿನಲ್ಲಿ ಚಂಡಮಾರುತ ಬೇರೆ ಬಡಿಯಿತು. ಅದರ ಮೇಲೆ ನೋಟಿನ ಮಹಾಪೂರ, ಅಕ್ಕಿ ಬಚ್ಚಿಡುವ ವರ್ತಕರು. ಕಲ್ಕತ್ತೆಯ ಕಾರ್ಖಾನೆಯವರಿಗೆ, ನೌಕರರಿಗೆ ಅಕ್ಕಿ ಒದಗಿಸುವ ಏರ್ಪಾಡಾಯಿತು. ಹಳ್ಳಿಯ ಕೂಲಿಗಳು, ಬೆಸ್ತರು, ಕುಶಲಕರ್ಮಿಗಳು ದಾರಿಯಲ್ಲಿ ಬಿದ್ದು ಸತ್ತರು. ಸರ್ಕಾರದ ವಿಚಾರಣಾ ಆಯೋಗ ಸತ್ತವರು ಸುಮಾರು 15 ಲಕ್ಷ ಎಂದಿತು. ಆಮೇಲೆ ಲೆಕ್ಕ ಹಾಕಿದ ವಿದ್ವಾಂಸರು 30 ಲಕ್ಷದವರೆಗೆ ಹೇಳುತ್ತಾರೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಎಂಬ ಗಾದೆ ಇಲ್ಲಿ ಸಾಲದು. ಕೂಸು ಸತ್ತೇ ಹೋಯಿತು.

ಸರ್ಕಾರ ಸುಮ್ಮನೆ ಇತ್ತೆ? ಇರಲಿಲ್ಲ, ಆದರೆ ತಡಮಾಡಿತು. ಹೆಚ್ಚು ನೋಟು ಹೊರಡಿಸುವುದರ ಕೇಡನ್ನು 1943ರ ಏಪ್ರಿಲಿನಲ್ಲೇ ನಮ್ಮ ಅರ್ಥಶಾಸ್ತ್ರಜ್ಞರು ಒಂದು ಹೇಳಿಕೆಯಲ್ಲಿ ಎತ್ತಿ ತೋರಿಸಿದ್ದರು. ಯುದ್ಧದಲ್ಲಿ ಕೊಬ್ಬಿದ ಲಾಭದ ಮೇಲೆ ತೆರಿಗೆ ಬಿತ್ತು, ಉಳಿತಾಯ ಪತ್ರಗಳು ಬಂದುವು, ಬಟ್ಟೆಗೆ ದರ ಕಟ್ಟಿದರು, ಪಡಿತರ ಹಬ್ಬಿತು. 1943ರ ಆಗಸ್ಟಿನಿಂದ ರಿಸರ್ವ್ ಬ್ಯಾಂಕಿನ ಮೂಲಕ ಚಿನ್ನ ಮಾರಿ ನೋಟುಗಳನ್ನು ಹಿಂದಕ್ಕೆ ಎಳೆದರು. ಬೆಳ್ಳಿ ಉಳಿಸಲೆಂದು 1940ರಲ್ಲೇ ರೂಪಾಯಿ ನಾಣ್ಯದ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿ, ಒಂದು ರೂಪಾಯಿಯ ನೋಟು ತಂದಿದ್ದರು. 1947ರಲ್ಲಿ ಬೆಳ್ಳಿ ಪೂರ್ತಿ ಹೋಗಿ ನಿಕ್ಕಲ್ ರೂಪಾಯಿ ಬಂತು. ನಮ್ಮ ಅಜ್ಜಿಯರ ‘ಮಾಯವಾದ ಬೆಳ್ಳಿ ರೂಪಾಯಿ’ಯ ಕಥೆ ಇದೇ.

ಹಾಗಾದರೆ ದೊಡ್ಡ ಊರಿನ ಗೌಡನ ಖಾತೆಯಲ್ಲಿ ಬರೆದಿದ್ದ ಸಾಲ ಏನಾಯಿತು? ಅದನ್ನೂ ಕೇಳಿ.

ಯುದ್ಧಕ್ಕೆ ಮುಂಚೆ ಭಾರತವೇ ಇಂಗ್ಲೆಂಡಿಗೆ ಸಾಲಗಾರ. ರೈಲು ಹಾಕಿದ್ದು ಮುಂತಾದ ಲೆಕ್ಕದ ಆ ಹಳೆಯ ಸಾಲದ ಬಹುಭಾಗ ಯುದ್ಧಕಾಲದಲ್ಲೇ ಈ ಶಿಲ್ಕಿನಿಂದ ತೀರಿತು. ಅದಾದ ಮೇಲೂ 1946ರಲ್ಲಿ ನಮಗೆ ಬರಬೇಕಾದದ್ದು 1,700 ಕೋಟಿ ರೂಪಾಯಿಗೂ ಮಿಕ್ಕಿ ಇತ್ತು. ಸಾಲಗಾರ ಸಾಹುಕಾರನಾದ, ಸಾಹುಕಾರ ಸಾಲಗಾರನಾದ. ಇಂಗ್ಲೆಂಡಿನಲ್ಲಿ ಕೆಲವರು, ಭಾರತವನ್ನು ಕಾಪಾಡಿದವರು ನಾವು, ಈ ಸಾಲವನ್ನು ಕಡಿಮೆ ಮಾಡಬೇಕು, ಎಂದು ವಾದಿಸಿದರು. 1944ರ ಜುಲೈನಲ್ಲಿ ಅಮೆರಿಕದ ಬ್ರೆಟನ್‌ವುಡ್ಸಿನಲ್ಲಿ ದೇಶದೇಶಗಳ ಸಭೆ ಕೂಡಿದಾಗ ನಮ್ಮ ಪ್ರತಿನಿಧಿಗಳು ಈ ಮಾತನ್ನು ಅಲ್ಲಿ ಎತ್ತಿದರು. ರಿಸರ್ವ್ ಬ್ಯಾಂಕಿನ ಮೊದಲ ಭಾರತೀಯ ಗವರ್ನರ್ ಚಿಂತಾಮಣ ದೇಶಮುಖರೂ ಆ ತಂಡದಲ್ಲಿದ್ದರು. ಸಾಲವನ್ನು ಮರ್ಯಾದೆಯಿಂದ ತೀರಿಸುತ್ತೇವೆಂದು ಇಂಗ್ಲೆಂಡಿನ ಪರವಾಗಿ ಕೇನ್ಸ್ ಸಾಹೇಬರು ಮಾತು ಕೊಟ್ಟರು.

ಕೊಟ್ಟ ಮಾತು ಉಳಿಯಿತು, ಆದರೆ ಹಣ ಬಂದದ್ದು ಕಂತಿನಲ್ಲಿ. 1947ರ ಆಗಸ್ಟಿನ ಒಪ್ಪಂದದಲ್ಲಿ ಶಿಲ್ಕನ್ನು ಎರಡು ಖಾತೆ ಮಾಡಿದರು. ಒಂದರಿಂದ ತೆಗೆಯಬಹುದು, ಇನ್ನೊಂದಕ್ಕೆ ಬೀಗ. 1948ರ ಒಪ್ಪಂದದಲ್ಲಿ, ಇಂಗ್ಲಿಷರು ಇಲ್ಲೇ ಬಿಟ್ಟುಹೋದ ಸೈನ್ಯದ ಸಾಮಾನಿಗೆಂದು ಸುಮಾರು 10 ಕೋಟಿ ಪೌಂಡು, ನಿವೃತ್ತ ಅಧಿಕಾರಿಗಳ ಪಿಂಚಣಿಗೆಂದು ಸುಮಾರು 16 ಕೋಟಿ 80 ಲಕ್ಷ ಪೌಂಡು ಮುರಿದುಕೊಳ್ಳಲಾಯಿತು. ಪಾಕಿಸ್ತಾನದ ಪಾಲು ಬೇರೆ ಹೋಯಿತು. 1949ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡು ಪೌಂಡಿನ ಬೆಲೆಯನ್ನೇ ಇಳಿಸಿತು: ಒಂದು ಪೌಂಡಿಗೆ 4 ಡಾಲರ್ 3 ಸೆಂಟು ಇದ್ದದ್ದು 2 ಡಾಲರ್ 80 ಸೆಂಟು ಆಯಿತು. ಅಮೆರಿಕದಿಂದ ಗೋಧಿ, ಯಂತ್ರ ಕೊಳ್ಳುವುದಕ್ಕೆ ನಮ್ಮ ಶಿಲ್ಕಿನ ಶಕ್ತಿ ಒಂದೇ ರಾತ್ರಿಗೆ ಅಷ್ಟು ಕುಗ್ಗಿತು. ಉಳಿದದ್ದನ್ನು ಪರದೇಶದ ಧಾನ್ಯಕ್ಕೆ, ಪಂಚವಾರ್ಷಿಕ ಯೋಜನೆಗಳ ಯಂತ್ರೋಪಕರಣಗಳಿಗೆ ಖರ್ಚು ಮಾಡಿ, 1957-58ರ ಹೊತ್ತಿಗೆ ಬಹುಪಾಲು ಬರಿದಾಗಿತ್ತು. ಆಗ ವಿದೇಶದ ನೆರವು ಕೇಳಬೇಕಾಯಿತು.

ಇದರಲ್ಲಿ ಒಂದು ಸೂಕ್ಷ್ಮ ಇದೆ, ಗಮನವಿಟ್ಟು ಕೇಳಿ. ಸಾಲ ತೀರಿತು ಎಂಬುದು ನಿಜ. ಆದರೆ 1943ರಲ್ಲಿ ದಿನಕ್ಕೆ ಒಂದು ಸೇರು ಕಳೆದುಕೊಂಡ ಕೂಲಿಯವನ ಮನೆಗೆ ಅದು ಹಿಂದಿರುಗಲಿಲ್ಲ. ಕೊಟ್ಟವನು ಒಬ್ಬ, ಪಡೆದವನು ಇನ್ನೊಬ್ಬ. ದೇಶಕ್ಕೆ ಯಂತ್ರ ಬಂತು, ಒಳ್ಳೆಯದೇ. ಹಸಿದು ಸತ್ತವನಿಗೆ ಯಾವ ಕಂತೂ ಮುಟ್ಟಲಿಲ್ಲ. ಸರ್ಕಾರಗಳ ಲೆಕ್ಕ ಸರಿಹೋದರೆ ಸಂಸಾರಗಳ ಲೆಕ್ಕವೂ ಸರಿಹೋಯಿತು ಎಂದು ತಿಳಿಯಬಾರದು.

ಈಗಿನ ಕಾಲಕ್ಕೂ ಒಂದು ಮಾತು. 2022ರಲ್ಲಿ ರಷ್ಯಾ ಯುಕ್ರೇನಿನ ಮೇಲೆ ದಂಡೆತ್ತಿ ಹೋದಾಗ ಜಗತ್ತಿನಲ್ಲೆಲ್ಲ ಗೊಬ್ಬರದ ಬೆಲೆ ಹಾರಿತು. ಅದನ್ನು ಪೂರ್ತಿ ರೈತನ ಮೇಲೆ ಬೀಳಗೊಡದೆ ಕೇಂದ್ರ ಸರ್ಕಾರ ಸಹಾಯಧನ ಹೆಚ್ಚಿಸಿತು. 2022-23ರಲ್ಲಿ ಗೊಬ್ಬರದ ಸಹಾಯಧನ ಸುಮಾರು 2.5 ಲಕ್ಷ ಕೋಟಿ ರೂಪಾಯಿ ಆಯಿತು. ಇದೂ ದೂರದ ಯುದ್ಧದ ಖರ್ಚೇ. ಆದರೆ ಇದು ಆಯವ್ಯಯದ ಪುಸ್ತಕದಲ್ಲಿ ಬರೆದ ಖರ್ಚು. ನಾವು ಆರಿಸಿ ಕಳಿಸಿದವರು ಲೋಕಸಭೆಯಲ್ಲಿ ಅದನ್ನು ಎತ್ತಿ ಕೇಳಬಹುದು. 1943ರ ಖರ್ಚನ್ನು ಕೇಳುವ ಅಧಿಕಾರ ನಮಗಿರಲಿಲ್ಲ.

ಆದ್ದರಿಂದ ಬಂಧುಗಳೆ, ಬೆಲೆ ಏರಿದಾಗ ವ್ಯಾಪಾರಿಯನ್ನು ಬೈದು ಸುಮ್ಮನಾಗಬೇಡಿ. ಪದಾರ್ಥ ಕಡಿಮೆಯಾಯಿತೆ, ಹಣ ಹೆಚ್ಚಾಯಿತೆ, ಎಂದು ಎರಡನ್ನೂ ಕೇಳಿ. ಕೂಲಿ ಎಷ್ಟು ರೂಪಾಯಿ ಏರಿತು ಎಂದು ನೋಡುವಾಗ, ಅದಕ್ಕೆ ಎಷ್ಟು ಸೇರು ಬಂತು ಎಂದೂ ಅಳೆಯಿರಿ. ನೋಟನ್ನು ಮಡಕೆಯಲ್ಲಿ ಹೂಳಬೇಡಿ. ಬ್ಯಾಂಕಿನಲ್ಲಿಟ್ಟರೂ ಬಡ್ಡಿ ಎಷ್ಟು, ಬೆಲೆ ಏರಿದ್ದು ಎಷ್ಟು, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಊರಿನ ಸಭೆಯಲ್ಲಿ ಖರ್ಚಿನ ಮಾತು ಬಂದರೆ, ಇದನ್ನು ಹೊರುವವರು ಯಾರು, ಎಂದು ಧೈರ್ಯವಾಗಿ ಕೇಳಿ.

ಇಲ್ಲಿಗೆ ಮುಗಿಸುತ್ತೇನೆ.