ಪಗಾರ ಎಷ್ಟು ಎಂಬ ಪ್ರಶ್ನೆಗೆ ನನ್ನ ಉತ್ತರ

(ಶಾಲೆಯ ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)



ಮೊನ್ನೆ ಶಹಾಪುರದಿಂದ ಬಸ್ಸಿನಲ್ಲಿ ಬಂದು ಊರಲ್ಲಿ ಇಳಿದಾಗ, ಕಟ್ಟೆಯ ಮೇಲೆ ಕುಳಿತಿದ್ದ ಕಾಕಾ ಒಬ್ಬರು ಕೇಳಿದರು: "ಜರ್ಮನಿಯಾಗ ಪಗಾರ ಎಷ್ಟು ಬರ್ತದಪಾ? ನಮ್ಮ ರೊಕ್ಕದಾಗ ಹೇಳು." ಆಗ ನಕ್ಕು ಸುಮ್ಮನಾದೆ. ಇವತ್ತು ಉತ್ತರ ಹೇಳುತ್ತೇನೆ.

ನಾನು ಆರು ವರ್ಷಗಳಿಂದ ಸ್ಟುಟ್‌ಗಾರ್ಟ್ ನಗರದಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ದುಡಿದ ನೂರರಲ್ಲಿ ನಲವತ್ತರ ಹತ್ತಿರ ತೆರಿಗೆ, ಆರೋಗ್ಯ ವಿಮೆ, ಪಿಂಚಣಿಗೆ ಹೋಗುತ್ತದೆ. ಉಳಿದದ್ದರಲ್ಲಿ ಮನೆ ಬಾಡಿಗೆಯದೇ ದೊಡ್ಡ ಪಾಲು. ಯೂರೋವನ್ನು ರೂಪಾಯಿಗೆ ಗುಣಿಸಿದರೆ ಖರ್ಚನ್ನೂ ಗುಣಿಸಬೇಕಲ್ಲವೇ?

ಜೀವನಮಟ್ಟ ಎಂದರೆ ರೊಕ್ಕವಷ್ಟೇ ಅಲ್ಲ. 1990ರಲ್ಲಿ ಅರ್ಥಶಾಸ್ತ್ರಜ್ಞ ಮಹಬೂಬ್ ಉಲ್ ಹಕ್ ಅವರು ಅಮರ್ತ್ಯ ಸೇನ್ ಅವರ ನೆರವಿನಿಂದ ವಿಶ್ವಸಂಸ್ಥೆಗಾಗಿ ಒಂದು ಅಳತೆ ರೂಪಿಸಿದರು. ಅದರಲ್ಲಿ ನೋಡುವುದು ಮೂರು: ಆಯಸ್ಸು, ಶಿಕ್ಷಣ, ಆದಾಯ. ಮೊದಲ ಎರಡನ್ನು ಒಬ್ಬೊಬ್ಬರೇ ಸಂಪಾದಿಸಲು ಆಗದು, ಊರೆಲ್ಲ ಸೇರಿ ಕಟ್ಟಬೇಕು.

ನಮ್ಮ ಆಫೀಸು ಗುಡಿಸಿ ಒರೆಸುವ ಹೆಣ್ಣುಮಗಳೂ ನಾನೂ ಒಂದೇ ಟ್ರಾಮಿನಲ್ಲಿ ಬರುತ್ತೇವೆ. ಇಬ್ಬರೂ ನಳದ ನೀರನ್ನೇ ಕುಡಿಯುತ್ತೇವೆ. ನನ್ನ ಜೇಬಿನಲ್ಲಿರುವಂಥ ವಿಮೆ ಕಾರ್ಡು ಆಕೆಯ ಬಳಿಯೂ ಇದೆ. ಆಕೆಯ ಮಗಳೂ ನಮ್ಮ ಮ್ಯಾನೇಜರ್ ಮಗನೂ ಕಲಿಯುವುದು ಒಂದೇ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ. ಆ ದೇಶದಲ್ಲಿ ನನಗೆ ಹಿಡಿಸಿದ್ದು ಇದು.

ನಾನು ಬಿಇ ಓದುತ್ತಿದ್ದಾಗ, 2009ರಲ್ಲಿ, ಅಪ್ಪನಿಗೆ ಎದೆನೋವು ಬಂತು. ರಾತ್ರೋರಾತ್ರಿ ಜೀಪು ಮಾಡಿಕೊಂಡು ಕಲಬುರಗಿಗೆ ಹೊರಟೆವು. ಜೊತೆಗೆ ಊರಿನ ಹನ್ನೊಂದು ಜನ. ಒಬ್ಬರು ರಕ್ತ ಕೊಟ್ಟರು, ಒಬ್ಬರು ಎತ್ತು ಮಾರಿದ ರೊಕ್ಕ ಕೊಟ್ಟರು. ಅಪ್ಪ ಉಳಿದರು, ಆದರೆ ತೊಗರಿ ಬೆಳೆಯುತ್ತಿದ್ದ ಎರಡು ಎಕರೆ ಹೊಲ ಹೋಯಿತು. ಸ್ಟುಟ್‌ಗಾರ್ಟಿನ ಮೊದಲ ಚಳಿಗಾಲದಲ್ಲಿ ನಾನು ಜ್ವರದಿಂದ ಒಂದು ವಾರ ಮಲಗಿದೆ. ಡಾಕ್ಟರಿಗೆ ಕಾರ್ಡು ತೋರಿಸಿದರೆ ಸಾಕಾಯಿತು, ಪಗಾರವೂ ನಿಲ್ಲಲಿಲ್ಲ. ಆದರೆ ಆ ಏಳು ದಿನ ಒಬ್ಬರೂ ಬಾಗಿಲು ಬಡಿಯಲಿಲ್ಲ. ಅವ್ವ ಮಾಡುವ ಜೋಳದ ಗಂಜಿ ನೆನೆಸಿಕೊಂಡು ಅತ್ತೆ.

ನಮ್ಮಲ್ಲೂ ಕಾಲ ಬದಲಾಗಿದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಭರವಸೆ ಇದೆ. ಯಾದಗಿರಿಯಲ್ಲೇ ಸರ್ಕಾರಿ ವೈದ್ಯಕೀಯ ಕಾಲೇಜು ಆಗಿದೆ. ಆದರೆ 2011ರ ಜನಗಣತಿ ನೆನಪಿರಲಿ: ರಾಜ್ಯದ ಸಾಕ್ಷರತೆ ಶೇ. 75.36, ನಮ್ಮ ಜಿಲ್ಲೆಯದು ಶೇ. 51.83. ರಾಜ್ಯದಲ್ಲೇ ಕಡೆಯ ಸ್ಥಾನ.

ಇಲ್ಲಿ ನನ್ನ ತಪ್ಪನ್ನೂ ಒಪ್ಪಿಕೊಳ್ಳುತ್ತೇನೆ. ಈ ಶಾಲೆಯಲ್ಲಿ ಓದಿ ಮೇಲೆ ಬಂದ ನಾವು, ಕೈಯಲ್ಲಿ ನಾಲ್ಕು ಕಾಸು ಆದ ಕೂಡಲೇ ನಮ್ಮ ಮಕ್ಕಳನ್ನು ಹಳದಿ ಬಸ್ಸು ಹತ್ತಿಸಿದೆವು. ನಮ್ಮ ಅಣ್ಣನ ಮಗಳ ಖಾಸಗಿ ಶಾಲೆಯ ಫೀಸು ಕಟ್ಟುತ್ತಿರುವವನು ನಾನೇ. ನಮ್ಮ ಮಕ್ಕಳೇ ಇಲ್ಲಿ ಇಲ್ಲದ ಮೇಲೆ ಈ ಶಾಲೆಯ ಕಷ್ಟ ಕೇಳಲು ಯಾರು ಬರುತ್ತಾರೆ?

ಹತ್ತಿ ಬಿಡಿಸುವ ಕಾಲಕ್ಕೆ, ಗುಳೆ ಹೋಗುವ ಕಾಲಕ್ಕೆ ಇಲ್ಲಿ ಬೆಂಚುಗಳು ಖಾಲಿಯಾಗುವುದನ್ನು ನಾವೆಲ್ಲ ಬಲ್ಲೆವು. ನನ್ನ ಪಕ್ಕದಲ್ಲಿ ಕೂಡುತ್ತಿದ್ದ ಗೆಳೆಯ, ಲೆಕ್ಕದಲ್ಲಿ ನನಗಿಂತ ಜಾಣ, ಒಂಬತ್ತನೇ ತರಗತಿಯಲ್ಲಿ ಹಾಗೆ ಹೋದವನು ತಿರುಗಿ ಬರಲಿಲ್ಲ. ಅಪ್ಪನ ಜೊತೆ ಜೀಪು ಹತ್ತಿದ ಹನ್ನೊಂದು ಜನರಂಥವರು ಈ ಊರಲ್ಲಿ ಇನ್ನೂ ಇದ್ದಾರೆ. ಗುಳೆ ಹೋಗುವವರ ಒಂದೊಂದು ಮಗುವನ್ನು ಒಂದೊಂದು ಮನೆ ಇಟ್ಟುಕೊಂಡರೆ, ಆ ಮಗುವಿನ ಖರ್ಚು ನಮ್ಮ ಬ್ಯಾಚಿನವರು ನೋಡಿಕೊಳ್ಳುತ್ತೇವೆ. ಹೆಸರು ಬರೆದುಕೊಳ್ಳಲು ಇವತ್ತೇ ಒಂದು ನೋಟ್‌ಬುಕ್ ತಂದಿದ್ದೇನೆ. ಮೊದಲ ಹೆಸರು ನಮ್ಮ ಮನೆಯದು, ಅವ್ವ ಒಪ್ಪಿದ್ದಾಳೆ.

ಅಣ್ಣನ ಮಗಳು ಮುಂದಿನ ವರ್ಷ ಎಂಟನೇ ತರಗತಿ. ಅವಳನ್ನು ಇಲ್ಲಿಗೇ ಸೇರಿಸೋಣ ಎಂದು ಕೇಳಿದ್ದೇನೆ. ಅಣ್ಣ ಹೂಂ ಅಂದಿದ್ದಾನೆ, ಅತ್ತಿಗೆ ಇನ್ನೂ ಒಪ್ಪಿಲ್ಲ. ಅತ್ತಿಗೆಯವರೂ ಇಲ್ಲೇ ಕುಳಿತಿದ್ದಾರೆ, ಗುರುಗಳು ಸ್ವಲ್ಪ ಹೇಳಬೇಕು.

ಕಾಕಾ, ಪಗಾರ ಚೆನ್ನಾಗಿದೆ. ಆದರೆ ಅದು ಶುರುವಾದದ್ದು ಈ ಶಾಲೆಯ ಕರಿಹಲಗೆಯಿಂದ.