ಅಜ್ಜಿಯ ಸೇವಾಧರ್ಮ



ಮಠದ ಉತ್ಸವಕಾಲದಲ್ಲಿ ದಾನಿಗಳನ್ನೂ ಪಂಡಿತರನ್ನೂ ಸ್ಮರಿಸುವದು ವಾಡಿಕೆಯಾಗಿದೆ. ಅದು ಯೋಗ್ಯವೂ ಆಗಿದೆ. ಆದರೆ ಯಾವ ಕಲ್ಲಿನ ಮೇಲೂ ಹೆಸರು ಕೆತ್ತಿಸಿಕೊಳ್ಳದೆ, ಊರಿನಲ್ಲಿ ಹುಟ್ಟಿದ ಜೀವಗಳ ಮೊದಲನೆಯ ಕೂಗನ್ನು ಕೇಳಿ, ಅವುಗಳ ಹೊಕ್ಕುಳಬಳ್ಳಿಯನ್ನು ಕತ್ತರಿಸಿ, ಮೈತೊಳೆದು, ತಾಯಿಯ ಮಗ್ಗುಲಿಗೆ ಮಲಗಿಸಿ, ಹೊತ್ತು ಮೂಡುವದರೊಳಗೆ ತನ್ನ ಮನೆಯ ಕೆಲಸಕ್ಕೆ ಮರಳಿದ ಅಜ್ಜಿಯನ್ನು ಸ್ಮರಿಸುವವರು ಎಷ್ಟು ಜನ? ಇಂದಿನ ಮಾತು ಅವಳ ಕುರಿತಾದದ್ದು.

ಕೃಷ್ಣಾ ತುಂಗಭದ್ರೆಗಳ ನಡುವಣ ಈ ಎಡೆದೊರೆನಾಡಿನಲ್ಲಿ ಅಂಥ ಅಜ್ಜಿಯಿಲ್ಲದ ಹಳ್ಳಿಯೇ ಇರಲಿಲ್ಲವೆನ್ನಬಹುದು. ಮುಂಬಯಿಯ ಕಡೆಯ ರೈಲುಹಾದಿಯೂ ಮದ್ರಾಸಿನ ಕಡೆಯ ರೈಲುಹಾದಿಯೂ 1871 ರಲ್ಲಿಯೇ ರಾಯಚೂರಿನಲ್ಲಿ ಕೂಡಿದವು. ಆದರೆ ದೇವದುರ್ಗದ ಹಳ್ಳಿಯ ಗರ್ಭಿಣಿಗೆ ಆ ಹಾದಿಯಿಂದ ಏನು ಪ್ರಯೋಜನ? ಮಳೆಗಾಲದಲ್ಲಿ ಎರೆಭೂಮಿಯ ಕೆಸರಿಗೆ ಬಂಡಿಯ ಗಾಲಿ ಹೂತುಹೋಗುತ್ತಿತ್ತು. ಹಳ್ಳ ಬಂದರೆ ಊರೇ ನಡುಗಡ್ಡೆಯಾಗುತ್ತಿತ್ತು. ಅಂಥ ರಾತ್ರಿಯಲ್ಲಿ ಕಂದೀಲು ಹಿಡಿದವನೊಬ್ಬನು ಬಾಗಿಲು ಬಡಿದರೆ, ಯಾರ ಮನೆಯೆಂದು ಕೇಳುವದಕ್ಕೆ ಮೊದಲೇ ಸೆರಗು ಸುತ್ತಿಕೊಂಡು ಹೊರಡುವವಳು ಸೂಲಗಿತ್ತಿ. ಬಾಣಂತಿಗೆ ಎಣ್ಣೆ ತಿಕ್ಕುವದು, ಹೊರಸಿನ ಕೆಳಗೆ ಕೆಂಡವಿಟ್ಟು ಕಾಯಿಸುವದು, ಅಂಟಿನುಂಡೆ ಕಟ್ಟುವದು, ಕೂಸಿಗೆ ಬಜೆ ತೇಯ್ದು ನೆಕ್ಕಿಸುವದು ಇವೆಲ್ಲವೂ ಹಿರಿಯ ಹೆಂಗಸರ ಕಾರ್ಯಗಳೇ. ಇದಕ್ಕೆ ಪ್ರತಿಯಾಗಿ ಒಂದು ಮೊರ ಜೋಳ, ಒಂದು ಕುಪ್ಪಸದ ಖಣ, ಎಲೆಯಡಿಕೆ. ಇಲ್ಲದವರ ಮನೆಯಲ್ಲಿ ಅದೂ ಇಲ್ಲ.

ಈ ಬಗೆಯ ಅಜ್ಜಿಯರಲ್ಲಿ ಲೋಕಕ್ಕೆ ಹೆಸರು ಗೊತ್ತಾದವರು ಬಹು ವಿರಳ. ಹಾಗೆ ಗೊತ್ತಾದವಳು ತುಮಕೂರು ಜಿಲ್ಲೆಯ ಪಾವಗಡ ತಾಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನು. ಪಾವಗಡವೂ ನಮ್ಮ ನಾಡಿನಂತೆ ಮಳೆಯ ದಾರಿ ಕಾಯುವ ಸೀಮೆ. 1920 ರಲ್ಲಿ ಹುಟ್ಟಿದ ಆಕೆಗೆ ಓದುಬರಹವಿರಲಿಲ್ಲ. ಹನ್ನೆರಡನೆಯ ವಯಸ್ಸಿಗೆ ಲಗ್ನವಾಯಿತು. ಆಕೆಗೆ ಗುರುವಾದವಳು ಮತ್ತಾರೂ ಅಲ್ಲ, ಆಕೆಯ ಅಜ್ಜಿಯಾದ ಮರಿಗೆಮ್ಮನೇ. ಮೊಮ್ಮಗಳ ಹೆರಿಗೆಗಳಲ್ಲಿ ಕೆಲವನ್ನು ಆ ಅಜ್ಜಿಯೇ ಮಾಡಿಸಿದಳು. ಅಜ್ಜಿಯ ಕೈಗಳು ಮಾಡಿದ್ದನ್ನು ಮೊಮ್ಮಗಳ ಕಣ್ಣುಗಳು ಕಲಿತವು. 1940 ರಲ್ಲಿ, ತನ್ನ ಇಪ್ಪತ್ತನೆಯ ವಯಸ್ಸಿನಲ್ಲಿ, ನರಸಮ್ಮನು ತನ್ನ ಬಂಧುವೊಬ್ಬಳ ಹೆರಿಗೆಯನ್ನು ಮೊದಲನೆಯದಾಗಿ ಮಾಡಿಸಿದಳು. ಅಲ್ಲಿಂದ ಏಳು ದಶಕಗಳವರೆಗೆ ಆ ಕೈಗಳು ನಿಲ್ಲಲಿಲ್ಲ. ಆಕೆ ಕೂಲಿ ಬೇಡದೆ ಮಾಡಿಸಿದ ಹೆರಿಗೆಗಳು 15,000 ಕ್ಕೂ ಹೆಚ್ಚೆಂದು ಹೇಳುತ್ತಾರೆ. ಯಾವ ಯಂತ್ರವೂ ಇಲ್ಲದೆ, ಹೊಟ್ಟೆಯ ಮೇಲೆ ಕೈಯಿಟ್ಟು, ಕೂಸು ತಿರುಗಿರುವ ಬಗೆಯನ್ನು ತಿಳಿಯುತ್ತಿದ್ದಳು.

ಇಲ್ಲಿ ಒಂದು ಸಂಗತಿಯನ್ನು ಮರೆಯಲಾಗದು. ನರಸಮ್ಮನು ಹೆತ್ತ ಹನ್ನೆರಡು ಮಕ್ಕಳಲ್ಲಿ ನಾಲ್ವರು ಎಳವೆಯಲ್ಲಿಯೇ ತೀರಿಕೊಂಡರು. ಪರರ ತೊಟ್ಟಿಲುಗಳನ್ನು ತುಂಬುತ್ತ ನಡೆದವಳ ಮನೆಯ ತೊಟ್ಟಿಲು ನಾಲ್ಕು ಸಲ ಬರಿದಾಯಿತು. ಅಂಥ ದುಃಖವು ಕೆಲವರನ್ನು ಮನೆಯ ಮೂಲೆಗೆ ಸೇರಿಸುವದು. ಆಕೆಯನ್ನು ಮಾತ್ರ ಮತ್ತೊಬ್ಬ ತಾಯಿಯ ಬಾಗಿಲಿಗೆ ಕರೆದೊಯ್ದಿತು. 2018 ರಲ್ಲಿ ಪದ್ಮಶ್ರೀ ಪ್ರಶಸ್ತಿಯು ಬಂದಾಗ ಆಕೆಗೆ ತೊಂಬತ್ತೆಂಟರ ಸಮೀಪದ ವಯಸ್ಸು. ಅದೇ ವರ್ಷದ ಡಿಸೆಂಬರ್ 25 ರಂದು ಬೆಂಗಳೂರಿನಲ್ಲಿ ಆಕೆ ದೇಹವಿಟ್ಟಳು. ಎಪ್ಪತ್ತು ವರ್ಷ ದುಡಿದವಳನ್ನು ಲೋಕವು ಗುರುತಿಸಿದ್ದು ಬದುಕಿನ ಸಂಜೆಯಲ್ಲಿ.

ಇದನ್ನು ಕೇಳಿ, ಹಳೆಯ ಕಾಲವೇ ಸುವರ್ಣಯುಗವಾಗಿತ್ತೆಂದು ಯಾರೂ ಭ್ರಮಿಸಬಾರದು. ರಕ್ತಸ್ರಾವವಾದಾಗ, ನಂಜೇರಿದಾಗ, ಕೂಸು ಅಡ್ಡವಾಗಿ ನಿಂತಾಗ ಎಂಥ ಅಜ್ಜಿಯ ಕೈಯೂ ಸೋಲುತ್ತಿತ್ತು. ಕರ್ನಾಟಕದಲ್ಲಿ 2001-03 ರ ಕಾಲದಲ್ಲಿ ಲಕ್ಷ ಜನನಗಳಿಗೆ 228 ತಾಯಂದಿರು ಮರಣ ಹೊಂದುತ್ತಿದ್ದರು. 2018-20 ರಲ್ಲಿ ಆ ಸಂಖ್ಯೆಯು 69 ಕ್ಕೆ ಇಳಿಯಿತು. ಆಸ್ಪತ್ರೆ, ರಕ್ತನಿಧಿ, ವಾಹನ, ಹಳ್ಳಿಹಳ್ಳಿಗೆ ಬಂದ ಆಶಾ ಕಾರ್ಯಕರ್ತೆಯರು ಇವರ ನೆರವಿಲ್ಲದೆ ಇದು ಆಗುತ್ತಿರಲಿಲ್ಲ. ಆದುದರಿಂದ ಹೆರಿಗೆಯು ಆಸ್ಪತ್ರೆಯಲ್ಲಿಯೇ ಆಗತಕ್ಕದ್ದು. ಹಾಗಾದರೆ ಅಜ್ಜಿಯಿಂದ ಉಳಿಸಿಕೊಳ್ಳಬೇಕಾದದ್ದು ಯಾವದು? ಕರೆದೊಡನೆ ಬರುವ ಕಾಲು, ಜಾತಿಯನ್ನು ಕೇಳದ ಬಾಯಿ, ನೋವಿನ ಹೊತ್ತಿನಲ್ಲಿ ಬಿಟ್ಟುಹೋಗದ ಕೈ, ಇವು ಮೂರು. ಇವುಗಳನ್ನು ಯಾವ ಔಷಧದಂಗಡಿಯೂ ಮಾರುವದಿಲ್ಲ.

ಕಾಯಕ ದಾಸೋಹಗಳ ಅರ್ಥವೂ ಇದೇ. ಇದೇ ಜಿಲ್ಲೆಯ ಲಿಂಗಸುಗೂರು ಸೀಮೆಯ ಅಮರೇಶ್ವರದವಳೆಂದು ಪ್ರತೀತಿಯಿರುವ ಆಯ್ದಕ್ಕಿ ಲಕ್ಕಮ್ಮನು, ಕಲ್ಯಾಣದಲ್ಲಿ ತನ್ನ ಗಂಡ ಮಾರಯ್ಯನು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಅದನ್ನು ತಂದಲ್ಲಿಯೇ ಚೆಲ್ಲಿ ಬರುವಂತೆ ಹಿಂದಿರುಗಿಸಿದಳು. ಅಗತ್ಯಕ್ಕಿಂತ ಹೆಚ್ಚಿನದನ್ನು ಒಲ್ಲೆನೆಂದ ಆ ಶರಣೆಗೂ, ಹೆರಿಗೆಗೆ ಬೆಲೆ ಕಟ್ಟದ ಈ ಅಜ್ಜಿಗೂ ಎಂಟು ಶತಮಾನಗಳ ಅಂತರವಿದ್ದರೂ ಮನಸ್ಸು ಒಂದೇ ಆಗಿದೆ.

ಸೂಲಗಿತ್ತಿಯ ಕೆಲಸವು ಮುಗಿಯುತ್ತ ಬಂದರೂ ಅಜ್ಜಿಯ ಸೇವೆಯು ಮುಗಿದಿಲ್ಲವೆಂಬುದನ್ನು ನೋಡಬೇಕಾದರೆ ದೂರ ಹೋಗಬೇಕಿಲ್ಲ. ಮಾನ್ವಿಯ ಕಡೆಗೆ ತುಂಗಭದ್ರೆಯ ಎಡದಂಡೆಯ ಕಾಲುವೆಯೂ ದೇವದುರ್ಗದ ಕಡೆಗೆ ನಾರಾಯಣಪುರದ ಬಲದಂಡೆಯ ಕಾಲುವೆಯೂ ಬಂದಿವೆ. ಆದರೂ ನೀರು ಮುಟ್ಟದ ಹೊಲದವರೂ ಹೊಲವೇ ಇಲ್ಲದವರೂ ಸುಗ್ಗಿ ಮುಗಿದೊಡನೆ ಬೆಂಗಳೂರಿನ ಕಡೆಗೆ ಗುಳೆ ಹೊರಡುವರು. ಆಗ ಮನೆಯ ಬೀಗದ ಕೈಯೂ ಮೊಮ್ಮಕ್ಕಳ ಕೈಯೂ ಅಜ್ಜಿಯ ಪಾಲಿಗೆ ಉಳಿಯುವವು. ತನ್ನ ಕಣ್ಣು ಮಂಜಾಗಿದ್ದರೂ ರೊಟ್ಟಿ ಬಡಿದು, ಕೂಸುಗಳ ತಲೆ ಬಾಚಿ, ಶಾಲೆಯ ಗಂಟೆಗೆ ಅವರನ್ನು ಕಳುಹಿಸುವವಳು ಅವಳು. ಅವಳು ಹಿಡಿದು ನಿಲ್ಲಿಸದಿದ್ದರೆ ಆ ಮಕ್ಕಳು ಪುಸ್ತಕದ ಚೀಲ ಬಿಟ್ಟು ತಂದೆತಾಯಿಗಳ ಹಿಂದೆ ಇಟ್ಟಿಗೆ ಮರಳಿನ ರಾಶಿಗಳ ನಡುವೆ ಬೆಳೆಯಬೇಕಾಗುವದು. ಇದನ್ನು ಸೇವೆಯೆಂದು ಅವಳು ತಿಳಿದಿಲ್ಲ. ನಾವೂ ತಿಳಿಯದಿದ್ದರೆ ತಪ್ಪು ನಮ್ಮದು.

ಸ್ಮರಣೆಯೆಂದರೆ ಪಟಕ್ಕೆ ಹೂವಿಡುವದಷ್ಟೇ ಅಲ್ಲ. ಈ ಸಭೆಯಿಂದ ಮನೆಗೆ ಹೋದವರು ಅಜ್ಜಿಯ ಬಳಿ ಒಂದು ಗಳಿಗೆ ಕುಳಿತು, ಅವಳು ಯಾರ ಯಾರ ಕೂಸುಗಳನ್ನು ಎತ್ತಿಕೊಂಡಳೆಂದು ಕೇಳಲಿ. ಅವಳ ಬಾಯಲ್ಲಿ ಬಂದ ಹಾಡನ್ನೂ ಹೆಸರುಗಳನ್ನೂ ಬರೆದಿಡಲಿ. ಅವಳ ಕಣ್ಣಿನ ಪೊರೆಯನ್ನು ತೆಗೆಯಿಸಲು ರಾಯಚೂರಿಗೆ ಕರೆದೊಯ್ಯಲಿ. ಅವಳ ಪಿಂಚಣಿಯ ಹಣವು ಅವಳ ಕೈಗೇ ಮುಟ್ಟುವದೋ ಎಂದು ವಿಚಾರಿಸಲಿ. ಮರಿಗೆಮ್ಮನ ಹೆಸರು ಲೋಕಕ್ಕೆ ತಿಳಿದುದು ಅವಳ ಮೊಮ್ಮಗಳಿಂದ. ನಮ್ಮ ಮನೆಯ ಅಜ್ಜಿಯ ಹೆಸರನ್ನು ಉಳಿಸುವ ಹೊಣೆಯೂ ಮೊಮ್ಮಕ್ಕಳದೇ. ನಮ್ಮೆಲ್ಲರನ್ನು ಈ ಭೂಮಿಯ ಮೇಲೆ ಮೊದಲು ಎತ್ತಿಕೊಂಡ ಆ ಕೈಗಳಿಗೆ ಶರಣು ಶರಣಾರ್ಥಿ.